ವಾಸಿಯಾದ ಮೇಲಿನ ಎರಡು ದಿನ

(ಸಂಘದ ಕುಟುಂಬ ಕೂಟದಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ಸಾಮಾನ್ಯವಾಗಿ ಸಾಹಿತಿಗಳೂ ಪಂಡಿತರೂ ನಿಂತು ಮಾತನಾಡುವುದನ್ನು ತಾವು ಕೇಳಿದ್ದೀರಿ. ನಾನು ಸಾಹಿತಿಯಲ್ಲ, ವೈದ್ಯನಂತೂ ಅಲ್ಲವೇ ಅಲ್ಲ. ಬಿ.ಕಾಂ. ಮುಗಿಸಿ, ಹೊಟ್ಟೆಪಾಡಿಗೆಂದು ಧಾರವಾಡದ ಕಡೆಯಿಂದ ಈ ಮುಂಬಯಿಗೆ ಬಂದು, ಬ್ಯಾಂಕಿನಲ್ಲಿ ಗುಮಾಸ್ತನಾಗಿರುವವನು. ಹೊಟ್ಟೆಪಾಡಿಗಾಗಿ ಬಂದವನು ಹೊಟ್ಟೆಯ ವಿಷಯ ಮಾತನಾಡಿದರೆ ತಪ್ಪಿಲ್ಲವೆಂದು ನಮ್ಮ ಕಾರ್ಯದರ್ಶಿಗಳು ನಗುತ್ತ ಹೇಳಿ ನನ್ನನ್ನು ಇಲ್ಲಿ ನಿಲ್ಲಿಸಿದ್ದಾರೆ. ಆದರೆ ನಾನು ಒಪ್ಪಿಕೊಂಡುದಕ್ಕೆ ಬೇರೊಂದು ಕಾರಣವಿದೆ. ನನ್ನಿಂದ ಒಂದು ತಪ್ಪು ಆಗಿದೆ. ಅದನ್ನು ನಾಲ್ಕು ಜನರ ಮುಂದೆ ಹೇಳಬೇಕೆಂದು ಒಬ್ಬ ತಾಯಿ ನನಗೆ ಹೇಳಿದ್ದಾರೆ. ಆ ಕಥೆಯಿಂದಲೇ ಪ್ರಾರಂಭಿಸುತ್ತೇನೆ.

2023ನೆಯ ಇಸವಿಯ ಗಣೇಶ ಚತುರ್ಥಿ ಸೆಪ್ಟೆಂಬರ್ 19, ಮಂಗಳವಾರದಂದು ಬಂದಿತ್ತು. ಹಬ್ಬಕ್ಕೆಂದು ಊರಿನಿಂದ ಅಪ್ಪ ಅವ್ವ ಬಂದಿದ್ದರು. ಡೊಂಬಿವಲಿಯ ನಮ್ಮ ಮನೆ ತಮ್ಮಲ್ಲಿ ಅನೇಕರ ಮನೆಯ ಹಾಗೆಯೇ: ಒಂದು ಕೋಣೆ, ಒಂದು ಅಡಿಗೆಮನೆ, ಒಂದೇ ಪಾಯಿಖಾನೆ. ಆ ಇಷ್ಟರಲ್ಲಿ ಐದು ಜನ. ಹಿಂದಿನ ಬುಧವಾರ ರಾತ್ರಿ ನಾಲ್ಕು ವರ್ಷದ ನನ್ನ ಮಗಳು ಇದ್ದಕ್ಕಿದ್ದಂತೆ ವಾಂತಿ ಮಾಡಿಕೊಂಡಳು. ಬೆಳಗಾಗುವುದರೊಳಗೆ ಐದಾರು ಸಲ ಭೇದಿಯೂ ಆಯಿತು. ಅವ್ವ, "ಕೂಸಿಗೆ ದೃಷ್ಟಿ ಆಗೇದ, ಉಪ್ಪು-ಮೆಣಸಿನಕಾಯಿ ಇಳಿಸಿ ಒಗಿಯೋ" ಎಂದಳು. ನಾನು ಓದಿದವನಲ್ಲವೆ! ದೃಷ್ಟಿ ಗಿಷ್ಟಿ ಎಲ್ಲ ಸುಳ್ಳೆಂದು ಅವ್ವನಿಗೆ ಉಪದೇಶ ಮಾಡಿ, ಹಳೆಯ ಬಟ್ಟೆಯಿಂದ ನೆಲ ಒರೆಸಿ, ಆ ಬಟ್ಟೆಯನ್ನು ಅಡಿಗೆಮನೆಯ ತೊಟ್ಟಿಯಲ್ಲೇ ಜಾಲಾಡಿಸಿ ಒಣಹಾಕಿದೆ. ಓದಿದವನ ಬುದ್ಧಿ ಅಷ್ಟಕ್ಕೇ ನಿಂತಿತು.

ಶುಕ್ರವಾರ ನನ್ನ ಮನೆಯಾಕೆ ಮಲಗಿದಳು. ಶನಿವಾರ ನಾನು. ಭಾನುವಾರ ಪೂರ್ತಿ ನನಗೆ ಪಾಯಿಖಾನೆಯೇ ಮನೆಯಾಗಿತ್ತು. ಸೋಮವಾರ ಬೆಳಿಗ್ಗೆ ಹೊಟ್ಟೆ ತಣ್ಣಗಾಗಿ, ಮಜ್ಜಿಗೆ ಅನ್ನ ಸೇರಿತು. ವಾಸಿಯಾಯಿತು ಎಂದುಕೊಂಡೆ. ಮಂಗಳವಾರ ನಮ್ಮ ಕಟ್ಟಡದ ಗಣಪತಿಗೆ ಕೋಸಂಬರಿ ನಮ್ಮ ಮನೆಯ ಪಾಲಿನ ಸೇವೆ. ಮನೆಯಾಕೆಗೆ ಇನ್ನೂ ನಿತ್ರಾಣ. ಆದುದರಿಂದ ನಾನೇ ಬಟ್ಟೆಗೆ ಸಿಕ್ಕಿಸುವ ಸಣ್ಣ ಶೀಸೆಯ ಸ್ಯಾನಿಟೈಸರನ್ನು ಅಂಗೈಗೆ ಹಚ್ಚಿಕೊಂಡು, ನೆನೆದ ಹೆಸರುಬೇಳೆಗೆ ಸೌತೆಕಾಯಿ, ತೆಂಗಿನ ತುರಿ ಹಾಕಿ ಬರಿಗೈಯಿಂದ ಕಲಸಿದೆ. ನೈವೇದ್ಯವಾಯಿತು. ಎಲೆ ಎಲೆಗೂ ನಾನೇ ಹಂಚಿದೆ.

ಬುಧವಾರ ರಾತ್ರಿಯಿಂದ ಗುರುವಾರದೊಳಗೆ ಕಟ್ಟಡದ ಐದು ಮನೆಗಳಲ್ಲಿ ವಾಂತಿಭೇದಿ ಪ್ರಾರಂಭವಾಯಿತು. ನಮ್ಮ ಅಪ್ಪನಿಗೆ ಎಪ್ಪತ್ತೆರಡು ವರ್ಷ, ರಕ್ತದ ಒತ್ತಡದ ಗುಳಿಗೆ ತೆಗೆದುಕೊಳ್ಳುವವರು. ಗುರುವಾರ ಸಂಜೆ ಅವರು ಎದ್ದು ನಿಲ್ಲಲಾರದೆ ಗೋಡೆ ಹಿಡಿದು ಕುಳಿತರು. ತುಟಿ ಒಣಗಿತ್ತು, ಬೆಳಗಿನಿಂದ ಮೂತ್ರವಾಗಿರಲಿಲ್ಲ. ಆಸ್ಪತ್ರೆಗೆ ಸೇರಿಸಿ ಸಲೈನ್ ಏರಿಸಬೇಕಾಯಿತು. ಶನಿವಾರ ಮೇಲಿನ ಮಹಡಿಯ ಎಂಟು ತಿಂಗಳ ಹಸುಗೂಸಿಗೂ ಬಂತು. ಅದು ಕೋಸಂಬರಿ ತಿಂದಿರಲಿಲ್ಲ. ಅದರ ತಾಯಿ ತಿಂದಿದ್ದರು. ದೇವರ ದಯೆಯಿಂದ ಎಲ್ಲರೂ ಗುಣಹೊಂದಿದರು. ಆದರೆ ಆ ಕೂಸು ಎರಡು ದಿನ ಅಳಲೂ ಶಕ್ತಿಯಿಲ್ಲದೆ ತಾಯಿಯ ತೊಡೆಯ ಮೇಲೆ ಬಿದ್ದಿದ್ದುದನ್ನು ನಾನು ಮರೆಯಲಾರೆ.

ಯಾರೂ ಪರೀಕ್ಷೆ ಮಾಡಿಸಿ ರುಜುವಾತು ಮಾಡಲಿಲ್ಲ. ನೀರು ಕೆಟ್ಟಿರಬೇಕು, ಪೇಡೆ ಕೆಟ್ಟಿರಬೇಕು ಎಂದು ಜನ ಮಾತನಾಡಿಕೊಂಡರು. ನಾನು ಗುಮಾಸ್ತ, ದಿನಗಳ ಲೆಕ್ಕ ಹಾಕಿ ನೋಡಿದೆ. ನಮ್ಮ ವೈದ್ಯರು ಹೇಳಿದ ಗಂಟೆಗಳಿಗೂ, ಕೋಸಂಬರಿ ತಿಂದವರ ಪಟ್ಟಿಗೂ, ಮಲಗಿದವರ ಪಟ್ಟಿಗೂ ತಾಳೆಯಾಯಿತು. ಒಂದು ವಾರ ಮನಸ್ಸಿನಲ್ಲೇ ಹೊರಳಾಡಿ, ಕೊನೆಗೆ ಮೇಲಿನ ಮಹಡಿಗೆ ಹೋಗಿ ಆ ಮರಾಠಿ ತಾಯಿಗೆ ಇದ್ದದ್ದನ್ನು ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಈಗ ನನಗೆ ಹೇಳಿ ಏನು ಪ್ರಯೋಜನ? ಗೊತ್ತಿಲ್ಲದವರಿಗೆ ಹೇಳಿ" ಎಂದು ಬಾಗಿಲು ಮುಚ್ಚಿಕೊಂಡರು. ಅವರ ಮಾತನ್ನು ಇಂದು ಪಾಲಿಸುತ್ತಿದ್ದೇನೆ.

ಈ ಬೇನೆಯ ಮೂಲ ಏನೆಂಬುದನ್ನು ಸ್ವಲ್ಪದರಲ್ಲಿ ಹೇಳುತ್ತೇನೆ. ವಾಂತಿಭೇದಿ ಎಲ್ಲವೂ ಒಂದೇ ಅಲ್ಲ. ಕಾಲರಾ, ಆಮಶಂಕೆ ಮುಂತಾದವು ಬೇರೆ ಜೀವಾಣುಗಳಿಂದ ಬರುತ್ತವೆ. ನಾನು ಹೇಳುತ್ತಿರುವುದು ವೈರಸ್ಸುಗಳಿಂದ ಬರುವ ಬೇನೆಯನ್ನು. ಅವುಗಳಲ್ಲಿ ಇಬ್ಬರು ಮುಖ್ಯರು. ಒಬ್ಬ ನೋರೋವೈರಸ್. ಅಮೆರಿಕದ ಓಹಾಯೋ ಪ್ರಾಂತದ ನಾರ್ವಾಕ್ ಎಂಬ ಊರಿನ ಶಾಲೆಯೊಂದರಲ್ಲಿ 1968ರಲ್ಲಿ ಮಕ್ಕಳೂ ಉಪಾಧ್ಯಾಯರೂ ಒಟ್ಟಿಗೆ ವಾಂತಿ ಮಾಡಿಕೊಂಡು ಮಲಗಿದರು. 1972ರಲ್ಲಿ ಆಲ್ಬರ್ಟ್ ಕಪಿಕಿಯನ್ ಎಂಬ ವಿಜ್ಞಾನಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದನ್ನು ಕಂಡುಹಿಡಿದರು. ಆ ಊರಿನ ಹೆಸರೇ ವೈರಸ್ಸಿಗೆ ಬಂದಿತು. ಇನ್ನೊಬ್ಬ ರೋಟಾವೈರಸ್. 1973ರಲ್ಲಿ ಆಸ್ಟ್ರೇಲಿಯದ ಮೆಲ್ಬೋರ್ನ್ ನಗರದಲ್ಲಿ ರೂತ್ ಬಿಷಪ್ ಎಂಬ ಮಹಿಳೆ ಮತ್ತು ಅವರ ಸಂಗಡಿಗರು ಇದನ್ನು ಕಂಡರು. ನೋಡುವುದಕ್ಕೆ ಗಾಲಿಯಂತೆ ಇರುವುದರಿಂದ ಆ ಹೆಸರು. ಇದು ಹೆಚ್ಚಾಗಿ ಹಸುಮಕ್ಕಳನ್ನು ಕಾಡುತ್ತದೆ. ನೋರೋವೈರಸ್ ಮಾತ್ರ ಹಸುಗೂಸಿನಿಂದ ಅಜ್ಜನವರೆಗೆ ಯಾರನ್ನೂ ಬಿಡುವುದಿಲ್ಲ. ಇದು ಪರದೇಶದ ಕಥೆಯೆಂದು ತಿಳಿಯಬೇಡಿರಿ. 2021ರಲ್ಲಿ ನಮ್ಮ ಮಗ್ಗುಲಿನ ಕೇರಳದ ವಯನಾಡಿನಲ್ಲಿ ವಿದ್ಯಾರ್ಥಿಗಳಿಗೆ ಬಂದು ಪತ್ರಿಕೆಗಳಲ್ಲಿ ಸುದ್ದಿಯಾಗಿತ್ತು.

ಇದರ ವ್ಯವಹಾರ ಬಹಳ ವಿಚಿತ್ರ. ರೋಗಿಯ ಮಲದಲ್ಲಿಯೂ ವಾಂತಿಯಲ್ಲಿಯೂ ಕೋಟ್ಯಂತರ ಕಣಗಳು ಹೊರಬೀಳುತ್ತವೆ. ಮತ್ತೊಬ್ಬನನ್ನು ಮಲಗಿಸಲು ನೂರಕ್ಕಿಂತ ಕಡಿಮೆ ಕಣಗಳು ಬಾಯಿಗೆ ಹೋದರೆ ಸಾಕು. ಇಷ್ಟು ಸಣ್ಣ ಮೂಲಧನಕ್ಕೆ ಇಷ್ಟು ದೊಡ್ಡ ಬಡ್ಡಿ ಕೊಡುವ ಖಾತೆಯನ್ನು ನಾನು ಬ್ಯಾಂಕಿನಲ್ಲಿ ಕಂಡಿಲ್ಲ! ಒಳಹೊಕ್ಕ ಹನ್ನೆರಡರಿಂದ ನಾಲ್ವತ್ತೆಂಟು ಗಂಟೆಗಳಲ್ಲಿ ಬೇನೆ ಕಾಣುತ್ತದೆ. ಒಂದರಿಂದ ಮೂರು ದಿನಗಳಲ್ಲಿ ಸಾಮಾನ್ಯವಾಗಿ ತಾನೇ ಇಳಿಯುತ್ತದೆ. ಇಲ್ಲಿಯೇ ನಾವು ಮೋಸಹೋಗುವುದು. ಹೊಟ್ಟೆ ಸರಿಹೋದ ಮೇಲೂ ಎರಡು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ, ಆ ಕಣಗಳು ಮಲದಲ್ಲಿ ಬೀಳುತ್ತಲೇ ಇರುತ್ತವೆ. ಮೊದಲ ಕೆಲವು ದಿನಗಳಲ್ಲಿ ಅಪಾಯ ಅತಿ ಹೆಚ್ಚು. ನನಗೆ ವಾಸಿಯಾಯಿತೆಂದರೆ ನನ್ನ ಸಂಕಟ ತೀರಿತು ಅಷ್ಟೆ. ನನ್ನ ಕೈಯಿಂದ ಇತರರಿಗೆ ಬರುವ ಸಂಕಟದ ಖಾತೆ ಇನ್ನೂ ಮುಚ್ಚಿರುವುದಿಲ್ಲ. ಈ ಒಂದು ಮಾತನ್ನು ತಾವು ಇಂದು ಮನೆಗೆ ಕೊಂಡೊಯ್ದರೆ ನನ್ನ ಭಾಷಣ ಸಾರ್ಥಕ.

ಆದುದರಿಂದ ಮೊದಲನೆಯ ನಿಯಮ: ವಾಂತಿಭೇದಿ ನಿಂತ ಮೇಲೆ ಪೂರ್ತಿ ಎರಡು ದಿನ, ಅಂದರೆ ನಾಲ್ವತ್ತೆಂಟು ಗಂಟೆ, ಆ ಮನುಷ್ಯ ಇತರರಿಗೆ ಅಡಿಗೆ ಮಾಡಕೂಡದು, ಕಲಸಕೂಡದು, ಬಡಿಸಕೂಡದು. ಮಗುವಾದರೆ ಶಾಲೆಗೆ ಕಳಿಸಕೂಡದು. ತಾಯಂದಿರು ಇದನ್ನು ಕೇಳಿ ನಗುತ್ತಿದ್ದೀರಿ. "ನಾನು ಎರಡು ದಿನ ಒಲೆಯ ಮುಂದೆ ನಿಲ್ಲದಿದ್ದರೆ ಮನೆಯ ಗತಿ ಏನು?" ಎಂಬುದು ತಮ್ಮ ಪ್ರಶ್ನೆ. ಊರಲ್ಲಿ ಅತ್ತೆಯೋ ನಾದಿನಿಯೋ ಇರುತ್ತಿದ್ದರು. ಇಲ್ಲಿ ಗಂಡ, ಹೆಂಡತಿ, ಮಕ್ಕಳು ಅಷ್ಟೆ. ಇದಕ್ಕೆ ಉತ್ತರ ಗಂಡಸರಲ್ಲಿದೆ. ಅನ್ನ, ಸಾರು ಮಾಡಲು ಬಾರದ ಗಂಡಸು ಇಂದೇ ಕಲಿಯಲಿ. ನಮ್ಮ ಸಂಘದ ಹತ್ತಿರದ ಮನೆಯವರು ಒಬ್ಬರಿಗೊಬ್ಬರು ಎರಡು ಹೊತ್ತಿನ ಡಬ್ಬಿ ಕಳಿಸುವ ಏರ್ಪಾಡು ಮಾಡಿಕೊಂಡರೆ, ಕನ್ನಡ ಸಂಘವೆಂಬ ಹೆಸರಿಗೆ ಅದಕ್ಕಿಂತ ದೊಡ್ಡ ಅರ್ಥ ಬೇರೆ ಬೇಡ. ಅದೂ ಆಗದೆ ಅವರೇ ಒಲೆ ಹಚ್ಚಲೇಬೇಕಾದರೆ, ಸಾಬೂನಿನಿಂದ ಕೈ ತೊಳೆದು, ಕುದಿಯುವ ಸಾರು, ಬಿಸಿ ಅನ್ನದಂಥವನ್ನು ಮಾತ್ರ ಮಾಡಲಿ. ಕೋಸಂಬರಿ, ಪಚಡಿ, ಹೆಚ್ಚಿದ ಹಣ್ಣು, ಕಲಸಿದ ಅವಲಕ್ಕಿ ಇವು ಬೇಡವೇ ಬೇಡ. ಬೆಂಕಿ ಕಾಣದ ತಿನಿಸಿಗೆ ಕೈಯ ಕೊಳೆಯಿಂದ ಪಾರಾಗುವ ದಾರಿಯಿಲ್ಲ.

ಎರಡನೆಯದು ಕೈಗಳ ವಿಷಯ. 2020ರ ಕೊರೋನಾ ಕಾಲದಿಂದ ನಮಗೆಲ್ಲ ಸ್ಯಾನಿಟೈಸರಿನ ಮೇಲೆ ಬಹಳ ನಂಬಿಕೆ. ಕೊರೋನಾ ವೈರಸ್ಸಿಗೆ ಕೊಬ್ಬಿನ ಒಂದು ಹೊದಿಕೆಯುಂಟು. ಮದ್ಯಸಾರ ತಗುಲಿದರೆ ಅದು ಹರಿದು ವೈರಸ್ ಸಾಯುತ್ತದೆ. ನೋರೋವೈರಸ್ಸಿಗೆ ಆ ಹೊದಿಕೆಯೇ ಇಲ್ಲ. ಆದುದರಿಂದ ಸ್ಯಾನಿಟೈಸರ್ ಇದಕ್ಕೆ ಚೆನ್ನಾಗಿ ನಾಟುವುದಿಲ್ಲ. ಸಾಬೂನು ಕೂಡ ಇದನ್ನು ಕೊಲ್ಲುವುದಕ್ಕಿಂತ ಹೆಚ್ಚಾಗಿ ಚರ್ಮದಿಂದ ಕಿತ್ತು ನೀರಿನೊಡನೆ ಸಾಗಿಸುತ್ತದೆ. ಅದಕ್ಕಾಗಿ ಉಜ್ಜಬೇಕು, ಹರಿಯುವ ನೀರು ಬೇಕು, ಇಪ್ಪತ್ತು ಸೆಕೆಂಡಾದರೂ ಹೊತ್ತು ಬೇಕು. ಬೆರಳ ಸಂದು, ಉಗುರಿನ ಅಡಿ, ಹೆಬ್ಬೆರಳು ಇವನ್ನು ಮರೆಯಕೂಡದು. ನಲ್ಲಿಯಲ್ಲಿ ನೀರು ಎರಡು ಗಂಟೆ ಮಾತ್ರ ಬರುವ ಮನೆಗಳಲ್ಲಿ, ಇನ್ನೊಬ್ಬರು ಚೊಂಬಿನಿಂದ ನೀರು ಹನಿಸಲಿ; ಬಕೆಟ್ಟಿನಲ್ಲಿ ಕೈ ಅದ್ದಿ ತೊಳೆದರೆ ಬಕೆಟ್ಟೆಲ್ಲ ಮೈಲಿಗೆಯಾಗುತ್ತದೆ.

ಮೈಲಿಗೆ ಎಂದೆ. ನಮ್ಮ ಹಿರಿಯರು ಮಡಿ ಮೈಲಿಗೆಯಲ್ಲಿ ಎಷ್ಟು ಕಟ್ಟುನಿಟ್ಟಾಗಿದ್ದರೆಂಬುದು ತಮಗೆ ಗೊತ್ತು. ಹೊರಗಿನಿಂದ ಬಂದರೆ ಕೈಕಾಲು ತೊಳೆಯುವುದು, ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುವುದು, ಎಂಜಲು ಕೈಯಲ್ಲಿ ಪಾತ್ರೆ ಮುಟ್ಟದಿರುವುದು, ಇವು ಒಳ್ಳೆಯ ಪದ್ಧತಿಗಳೇ, ಇಟ್ಟುಕೊಳ್ಳೋಣ. ಆದರೆ ಆ ಮಡಿಯಲ್ಲಿ ಯಾವ ಮನುಷ್ಯನನ್ನು ಮುಟ್ಟಬಾರದೆಂಬ ಲೆಕ್ಕ ಹೆಚ್ಚಾಗಿ, ಪಾಯಿಖಾನೆಯಿಂದ ಬಂದ ಸ್ವಂತ ಕೈಗೆ ಬರಿಯ ನೀರು ಸಾಕೆಂಬ ಲೆಕ್ಕ ಉಳಿಯಿತು. ವೈರಸ್ಸಿಗೆ ಕುಲಗೋತ್ರವಿಲ್ಲ. ಮಡಿಪಂಚೆ ಉಟ್ಟ ಕೈಯಲ್ಲೂ ಅದು ಕುಳಿತಿರುತ್ತದೆ. ನನ್ನ ಕೈಯಲ್ಲಿ ಕುಳಿತಿತ್ತಲ್ಲ! ಸಾಬೂನು ಹಚ್ಚಿ ಉಜ್ಜಿದ ಕೈಯೇ ಇಂದಿನ ಮಡಿ.

ಇನ್ನು ನನ್ನ ಕಸುಬಿನ ಒಂದು ಕೆಟ್ಟ ಚಾಳಿ. ನಮ್ಮ ಕೌಂಟರಿನಲ್ಲಿ ನೀರು ತುಂಬಿದ ಸ್ಪಂಜಿನ ಬಟ್ಟಲು ಇರುತ್ತದೆ. ಆದರೂ ಅವಸರದಲ್ಲಿ ಬೆರಳು ನಾಲಿಗೆಗೆ ಹೋಗುತ್ತದೆ. ನೋಟು ಕೊಡಲು ಬರುವವರೂ ಹಾಗೆಯೇ ನಾಲಿಗೆಗೆ ಬೆರಳು ಮುಟ್ಟಿಸಿ ಎಣಿಸುತ್ತಾರೆ. ದಿನಸಿ ಚೀಟಿ, ಪುಸ್ತಕದ ಹಾಳೆ, ಪ್ಲಾಸ್ಟಿಕ್ ಚೀಲದ ಬಾಯಿ ಎಲ್ಲದಕ್ಕೂ ಇದೇ ಉಪಾಯ. ಹೊಟ್ಟೆಯ ಬೇನೆಗೆ ಇದಕ್ಕಿಂತ ಹತ್ತಿರದ ದಾರಿ ಇನ್ನಿಲ್ಲ. ನಾನು ಬಿಟ್ಟಿದ್ದೇನೆ, ತಾವೂ ಬಿಡಿರಿ.

ಮೂರನೆಯದು, ಮನೆಯಲ್ಲಿ ಒಬ್ಬರು ಮಲಗಿದಾಗ ಮಾಡಬೇಕಾದ ಏರ್ಪಾಡು. ಬೇರೆ ಕೋಣೆ ಇಲ್ಲದವರು ಒಂದು ಮೂಲೆಯನ್ನು ಗೊತ್ತುಮಾಡಿರಿ. ರೋಗಿಗೆ ಬೇರೆ ತಟ್ಟೆ, ಬೇರೆ ಲೋಟ, ಬೇರೆ ಟವೆಲು. ಕೈತೊಳೆಯುವ ಕಡೆ ಒಂದೇ ಟವೆಲು ತೂಗುಹಾಕಿ ಮನೆಮಂದಿಯೆಲ್ಲ ಅದಕ್ಕೇ ಒರೆಸಿಕೊಳ್ಳುವುದು ನಮ್ಮ ಮನೆಗಳ ವಾಡಿಕೆ. ಆ ಟವೆಲನ್ನು ಮೊದಲು ತೆಗೆಯಿರಿ. ಕುಡಿಯುವ ನೀರಿನ ಹಂಡೆಗೆ ಉದ್ದ ಹಿಡಿಯ ಸೌಟು ಇಡಿರಿ, ಲೋಟ ಅದ್ದಬೇಡಿರಿ. ಸಾಧ್ಯವಾದರೆ ಒಬ್ಬರೇ ಆರೈಕೆ ಮಾಡಲಿ, ಅವರು ಅಡಿಗೆ ಮಾಡದಿರಲಿ. ಪಾಯಿಖಾನೆ ಒಂದೇ ಆದರೆ, ರೋಗಿ ಹೋಗಿ ಬಂದ ಮೇಲೆ ಅಲ್ಲಿಯ ನಲ್ಲಿ, ಚೊಂಬಿನ ಹಿಡಿ, ಬಾಗಿಲ ಚಿಲಕ, ದೀಪದ ಗುಂಡಿ ಇವನ್ನು ಒರೆಸಬೇಕು. ನಾವು ನೆಲವನ್ನು ಫಳಫಳ ತೊಳೆದು ಚಿಲಕವನ್ನು ಮರೆಯುತ್ತೇವೆ. ಮೊಬೈಲು, ಟಿ.ವಿ.ಯ ರಿಮೋಟುಗಳೂ ಈ ಪಟ್ಟಿಗೆ ಸೇರಿದವು.

ವಾಂತಿಯನ್ನು ತೆಗೆಯುವ ಕ್ರಮ ಹೀಗೆ. ಮಕ್ಕಳನ್ನು ದೂರ ಕಳಿಸಿ, ಕಿಟಕಿ ತೆರೆಯಿರಿ. ವಾಂತಿಯ ಸಣ್ಣ ತುಂತುರು ಗಾಳಿಯಲ್ಲಿ ಎದ್ದು ಸುತ್ತ ಹಲವು ಅಡಿಗಳವರೆಗೆ ಬೀಳುತ್ತದೆ. ಮೂಗು ಬಾಯಿಗೆ ಬಟ್ಟೆ ಕಟ್ಟಿ, ಕೈಚೀಲವಿಲ್ಲದಿದ್ದರೆ ಪ್ಲಾಸ್ಟಿಕ್ ಚೀಲಗಳನ್ನೇ ಕೈಗೆ ಹಾಕಿಕೊಳ್ಳಿರಿ. ಹಳೆಯ ವೃತ್ತಪತ್ರಿಕೆ ಮುಚ್ಚಿ ಹೀರಿಸಿ, ಎತ್ತಿ ಚೀಲಕ್ಕೆ ಹಾಕಿ ಬಾಯಿ ಕಟ್ಟಿರಿ. ನೆಲವನ್ನು ಸಾಬೂನುನೀರಿನಿಂದ ತೊಳೆದು, ಅನಂತರ ಬ್ಲೀಚಿನ ನೀರು ಹಾಕಿ ಐದು ನಿಮಿಷವಾದರೂ ಬಿಟ್ಟು ಒರೆಸಿರಿ. ಅಂಗಡಿಯಲ್ಲಿ ದೊರೆಯುವ ಸೋಡಿಯಂ ಹೈಪೋಕ್ಲೋರೈಟ್ ದ್ರವದ ಶೀಸೆಯ ಮೇಲೆ ಶೇಕಡಾ 4 ಅಥವಾ 5 ಎಂದಿದ್ದರೆ, ಒಂದು ಲೀಟರ್ ತಣ್ಣೀರಿಗೆ ಅದನ್ನು 25 ಮಿಲಿಲೀಟರ್ ಬೆರೆಸಿದರೆ ಸಾಕು. ಅಂದಂದಿನದನ್ನು ಅಂದೇ ಮಾಡಿಕೊಳ್ಳಿರಿ. ಒಂದು ಎಚ್ಚರಿಕೆ: ಪಾಯಿಖಾನೆ ತೊಳೆಯುವ ಆಸಿಡ್ಡಿನೊಡನೆ ಇದನ್ನು ಎಂದಿಗೂ ಸೇರಿಸಕೂಡದು, ವಿಷದ ಗಾಳಿ ಎದ್ದು ಉಸಿರು ಕಟ್ಟುತ್ತದೆ. ಕೊಳೆಯಾದ ಬಟ್ಟೆಯನ್ನು ಕೊಡವದೆ, ಬೇರೆಯಾಗಿ ಬಿಸಿನೀರಿನಲ್ಲಿ ಸಾಬೂನು ಹಾಕಿ ಒಗೆದು ಬಿಸಿಲಿಗೆ ಹಾಕಿರಿ. ಅಡಿಗೆಮನೆಯ ತೊಟ್ಟಿಯಲ್ಲಿ ಮಾತ್ರ ಒಗೆಯಬೇಡಿರಿ. ಈ ಮಾತನ್ನು ಅನುಭವಸ್ಥನಾಗಿ ಹೇಳುತ್ತಿದ್ದೇನೆ!

ಇನ್ನು ರೋಗಿಯ ಮಾತು. ಈ ಬೇನೆಯಲ್ಲಿ ಪ್ರಾಣ ತೆಗೆಯುವುದು ವೈರಸ್ಸಿಗಿಂತ ಹೆಚ್ಚಾಗಿ ನೀರು ಮತ್ತು ಉಪ್ಪಿನ ನಷ್ಟ. 1971ರಲ್ಲಿ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಲ್ಲಿ ಕಾಲರಾ ಹಬ್ಬಿ, ಗಡಿಯ ಬನಗಾಂವದಲ್ಲಿ ಸಲೈನ್ ಮುಗಿದುಹೋದಾಗ, ಡಾಕ್ಟರ್ ದಿಲೀಪ್ ಮಹಲನಾಬಿಸ್ ಎಂಬವರು ಉಪ್ಪು, ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಪೀಪಾಯಿಗಳಲ್ಲಿ ತುಂಬಿಟ್ಟು, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರ ಹತ್ತಿರವಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಅವರು 2022ರಲ್ಲಿ ತೀರಿಕೊಂಡ ಮೇಲೆ, 2023ರಲ್ಲಿ ಸರ್ಕಾರ ಪದ್ಮವಿಭೂಷಣ ಕೊಟ್ಟಿತು. ಇಂದು ಔಷಧದಂಗಡಿಯಲ್ಲಿ ಸಿಗುವ ಓ.ಆರ್.ಎಸ್. ಪುಡಿ ಅದೇ ಜಾತಿಯದು. ಪೊಟ್ಟಣದ ಮೇಲೆ ಎಷ್ಟು ನೀರೆಂದು ಬರೆದಿದೆಯೋ ಅಷ್ಟೇ ನೀರಿಗೆ ಇಡೀ ಪೊಟ್ಟಣ ಹಾಕಿರಿ. ಇಪ್ಪತ್ತನಾಲ್ಕು ಗಂಟೆಯ ಮೇಲೆ ಉಳಿದುದನ್ನು ಚೆಲ್ಲಿರಿ. ಪೊಟ್ಟಣವಿಲ್ಲದ ಹೊತ್ತಿನಲ್ಲಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮಚಮಚೆ ಸಕ್ಕರೆ, ಅರ್ಧ ಸಮಚಮಚೆ ಉಪ್ಪು, ಚಮಚೆ ಚಹದ್ದು. ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ ಚಮಚೆ ಚಮಚೆಯಾಗಿ ಕುಡಿಸಿರಿ. ಸಿಹಿ ಪಾನಕಗಳನ್ನು ಓ.ಆರ್.ಎಸ್. ಎಂಬ ಹೆಸರಿನಲ್ಲಿ ಮಾರುವುದನ್ನು 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ತಡೆಯಿತು. ತಾವೂ ಪುಡಿಯನ್ನೇ ಕೇಳಿ ತನ್ನಿರಿ. ಮೊಲೆಹಾಲು ಕುಡಿಯುವ ಕೂಸಿಗೆ ಹಾಲು ನಿಲ್ಲಿಸಬೇಡಿರಿ. ಭೇದಿಯಾದ ಮಗುವಿಗೆ ವೈದ್ಯರು ಸತುವಿನ ಗುಳಿಗೆ ಬರೆದುಕೊಟ್ಟರೆ, ಭೇದಿ ನಿಂತರೂ ಅವರು ಹೇಳಿದಷ್ಟು ದಿನ ಪೂರ್ತಿ ಕೊಡಿರಿ. ಆಂಟಿಬಯಾಟಿಕ್ ಗುಳಿಗೆ ವೈರಸ್ಸಿಗೆ ನಾಟುವುದಿಲ್ಲ. ಸ್ವಂತ ಬುದ್ಧಿಯಿಂದ ತಂದು ನುಂಗಬೇಡಿರಿ.

ಆದರೆ ಬಾಯಿ ಒಣಗಿ, ಕಣ್ಣು ಗುಳಿಬಿದ್ದು, ಮೂತ್ರ ಕಡಿಮೆಯಾದರೆ, ಮಲದಲ್ಲಿ ರಕ್ತ ಕಂಡರೆ, ಜ್ವರ ಏರಿದರೆ, ಕುಡಿದುದೆಲ್ಲ ಹೊರಬಂದರೆ, ಕೂಸು ಮಂಕಾಗಿ ಬಿದ್ದರೆ, ಮನೆಮದ್ದನ್ನು ಬಿಟ್ಟು ಆ ಗಳಿಗೆಯೇ ವೈದ್ಯರಲ್ಲಿಗೆ ಓಡಬೇಕು. ಮುದುಕರೂ ಹಸುಮಕ್ಕಳೂ ಆದರೆ ಇನ್ನೂ ಬೇಗ. ಅಪ್ಪನ ವಿಷಯದಲ್ಲಿ ನಾನು ಅರ್ಧ ದಿನ ತಡಮಾಡಿದ್ದೆ.

ಹಸುಮಕ್ಕಳಿಗೆ ರೋಟಾವೈರಸ್ ಲಸಿಕೆ ಇದೆ, ಬಾಯಿಗೆ ಹಾಕುವಂಥದು. 2016ರಲ್ಲಿ ನಾಲ್ಕು ರಾಜ್ಯಗಳಲ್ಲಿ ಸರ್ಕಾರ ಪ್ರಾರಂಭಿಸಿ ಅನಂತರ ದೇಶಕ್ಕೆಲ್ಲ ಹರಡಿತು. ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಸರ್ಕಾರಿ ಕೇಂದ್ರದಲ್ಲಿ ಕಾಸಿಲ್ಲದೆ ಹಾಕುತ್ತಾರೆ. ಬಾಣಂತನಕ್ಕೆ ಊರಿಗೆ ಹೋದ ಹೆಣ್ಣುಮಕ್ಕಳು ಅಲ್ಲೊಂದು ಇಲ್ಲೊಂದು ಮಾಡಿ ಈ ದಿನಗಳನ್ನು ತಪ್ಪಿಸಿಬಿಡುತ್ತಾರೆ. ಚೀಟಿಯನ್ನು ಜೊತೆಯಲ್ಲಿಟ್ಟುಕೊಂಡರೆ ಯಾವ ಊರಿನಲ್ಲಾದರೂ ಮುಂದುವರಿಸಬಹುದು. ನೋರೋವೈರಸ್ಸಿಗೆ ಅಂಥ ಲಸಿಕೆ ಇನ್ನೂ ಬಳಕೆಗೆ ಬಂದಿಲ್ಲ. ಅಲ್ಲಿ ಸಾಬೂನೇ ಲಸಿಕೆ.

ಕೊನೆಯದಾಗಿ ಒಂದು ಅರಿಕೆ. ನಮ್ಮ ರಾಜ್ಯೋತ್ಸವ ಸಮೀಪಿಸಿದೆ. ಅಂದು ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವವರು. ಹೆಚ್ಚುವ, ಕಲಸುವ, ಬಡಿಸುವ ಕೆಲಸಕ್ಕೆ ಹೆಸರು ಕೊಟ್ಟ ಸ್ವಯಂಸೇವಕರಲ್ಲಿ ಯಾರಿಗಾದರೂ ಹಿಂದಿನ ಎರಡು ದಿನಗಳಲ್ಲಿ ಹೊಟ್ಟೆ ಕೆಟ್ಟಿದ್ದರೆ, ಸಂಕೋಚವಿಲ್ಲದೆ ಹೇಳಿಬಿಡಿರಿ. ಕುರ್ಚಿ ಹಾಕುವ ಕೆಲಸ ಕೊಡುತ್ತೇವೆ, ಸೇವೆ ಕಡಿಮೆಯಾಗುವುದಿಲ್ಲ. ಹಾಗೆ ಹೇಳಿದವರನ್ನು ಕಂಡು ಯಾರೂ ನಗಕೂಡದು. ಅಂದು ನಾನು ಸುಮ್ಮನಿದ್ದುದು ಸೇವೆ ತಪ್ಪೀತೆಂಬ ಸಂಕೋಚದಿಂದಲೇ.

ಈ ಸಲ ಕೋಸಂಬರಿಯ ಜವಾಬ್ದಾರಿಯನ್ನು ಸಮಿತಿಯವರು ನನಗೇ ವಹಿಸಿದ್ದಾರೆ. ಕೈತೊಳೆಯುವ ತೊಟ್ಟಿಯ ಹತ್ತಿರ ಎರಡು ಹೊಸ ಸಾಬೂನುಗಳನ್ನು ನಾನೇ ತಂದಿಡುತ್ತೇನೆ. ಊಟಕ್ಕೆ ಕೂರುವ ಮುಂಚೆ ತಾವೆಲ್ಲರೂ ಅವನ್ನು ಸವೆಸಬೇಕೆಂದು ಬೇಡುತ್ತೇನೆ.